ಹೆಗಲ ಮೇಲೆ ಸ್ಟಾರ್ ಬಂದ ಮೇಲೆ: ಠಾಣೆಯ ಮೇಲ್ವಿಚಾರಕರಿಗೆ ತರಬೇತಿ ಕೊಡುವುದು ಹೇಗೆ?

ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಆಗಿ ಮೊದಲ ಠಾಣೆ ಸಿಕ್ಕಾಗ ನನಗೆ 26 ವರ್ಷ. ಮೂರನೇ ದಿನ ಬೆಳಗಿನ ಹಾಜರಿಗೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ಇಪ್ಪತ್ತು ನಿಮಿಷ ತಡವಾಗಿ ಬಂದರು. ಎಲ್ಲರ ಮುಂದೆ ಕೂಗಾಡಿದೆ. ‘ಇದೇನು ನಿಮ್ಮ ಮಾವನ ಮನೆಯಾ?’ ಎಂದೆ. ಅವರು ‘ತಪ್ಪಾಯ್ತು ಸಾರ್’ ಎಂದು ಸಾಲಿನಲ್ಲಿ ನಿಂತರು. ಮಧ್ಯಾಹ್ನ ಫೈಲ್ ಹಿಡಿದು ಬಂದ ರೈಟರ್ (ಠಾಣೆಯ ಬರಹದ ಕೆಲಸ ನೋಡುವವರು) ಮೆಲ್ಲಗೆ ವಿಷಯ ಹೇಳಿದರು. ಆ ಮನುಷ್ಯ ಹಿಂದಿನ ರಾತ್ರಿ ಬಾವಿಯಿಂದ ಹೆಣ ಮೇಲೆತ್ತಿಸಿ, ಶವಾಗಾರಕ್ಕೆ ಸಾಗಿಸಿ, ಬೆಳಗಿನ ಜಾವ ನಾಲ್ಕಕ್ಕೆ ಮನೆ ಸೇರಿದ್ದರು. ಆ ಕೆಲಸಕ್ಕೆ ಕಳಿಸಿದ್ದು ನಾನೇ. ಕಳಿಸಿ ಮರೆತಿದ್ದೆ.

ಆಮೇಲೆ ಯಾರೂ ಎದುರು ಮಾತಾಡಲಿಲ್ಲ. ಸೆಲ್ಯೂಟ್ ಮೊದಲಿಗಿಂತ ಗಟ್ಟಿಯಾಯಿತು. ಹೇಳಿದ್ದನ್ನು ಹೇಳಿದಷ್ಟೇ ಮಾಡಿದರು, ಒಂದು ಗೆರೆ ಹೆಚ್ಚಿಲ್ಲ. ಊರಲ್ಲಿ ಇಸ್ಪೀಟು ಎಲ್ಲಿ ನಡೆಯುತ್ತದೆ, ಯಾವ ಬೀದಿಯಲ್ಲಿ ಯಾರ ನಡುವೆ ಹೊಗೆಯಾಡುತ್ತಿದೆ ಎನ್ನುವುದು ನನ್ನ ಕಿವಿಗೆ ಬೀಳುವುದು ನಿಂತೇಹೋಯಿತು. ಸುಮಾರು ಎರಡು ತಿಂಗಳು ನನ್ನ ಠಾಣೆಯ ಸುದ್ದಿ ನನಗೆ ಗೊತ್ತಾಗುತ್ತಿದ್ದದ್ದು ಪೇಪರ್ ಓದಿ.

ತರಬೇತಿಯಲ್ಲಿ ಕಾನೂನು, ಕವಾಯತು, ರೈಫಲ್, ತನಿಖೆ ಎಲ್ಲ ಕಲಿತಿದ್ದೆ. ಮೂವತ್ತು ಜನರ ದಿನವನ್ನು ಹಂಚುವುದು ಮಾತ್ರ ಕಲಿತಿರಲಿಲ್ಲ. ಮುಂದೆ ಕೆಲವು ವರ್ಷ ತರಬೇತಿ ಕೆಲಸವೇ ನನ್ನ ಪಾಲಿಗೆ ಬಂತು. ಆಗ ಅರ್ಥವಾದದ್ದು ಇಷ್ಟು: ಠಾಣೆಯಲ್ಲಿ ನಾಯಕತ್ವ ಇರುವುದು ಮೂರು ಕಡೆ. ಬೆಳಗಿನ ಹಾಜರಿಯಲ್ಲಿ, ಡ್ಯೂಟಿ ಚಾರ್ಟ್‌ನಲ್ಲಿ, ರಜೆ ಪುಸ್ತಕದಲ್ಲಿ. ಹೋಟೆಲ್ ಹಾಲ್‌ನಲ್ಲಿ ಸ್ಲೈಡ್ ತೋರಿಸಿ, ‘ನಾಯಕನಿಗೆ ಹತ್ತು ಗುಣಗಳು’ ಎಂದು ಭಾಷಣ ಮಾಡಿಸಿ, ಗ್ರೂಪ್ ಫೋಟೊ ತೆಗೆದು ಕಳಿಸುವ ತರಬೇತಿಯಿಂದ ಈ ಮೂರೂ ಬದಲಾಗುವುದಿಲ್ಲ. ಫೋಟೊ ಮಾತ್ರ ಚೆನ್ನಾಗಿ ಬರುತ್ತದೆ.

ಜಿಲ್ಲಾ ಮಟ್ಟದಲ್ಲಿ ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್), ಪಿಎಸ್‌ಐಗಳಿಗೆ ನಾಯಕತ್ವದ ತರಬೇತಿ ನಡೆಸುವ ಜವಾಬ್ದಾರಿ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಐದು ದಿನದ ಕ್ಲಾಸು, ಆಮೇಲೆ ಆರು ವಾರ ಠಾಣೆಯಲ್ಲೇ ಅಭ್ಯಾಸ. ದೊಡ್ಡ ಬಜೆಟ್ ಬೇಡ. ಒಂದು ಕೋಣೆ, ಬಿಳಿ ಹಾಳೆ, ಮಾರ್ಕರ್ ಪೆನ್ನು ಸಾಕು.

ಮೊದಲ ಹೆಜ್ಜೆ: ಎದುರು ಕೂತವರು ಯಾರು?

ಮೇಲ್ವಿಚಾರಕ ಎನ್ನುವ ಒಂದೇ ಹೆಸರಿನಡಿ ಎರಡು ಥರದ ಜನ ಬರುತ್ತಾರೆ.

ಒಬ್ಬರು ಕಾನ್‌ಸ್ಟೇಬಲ್ ಆಗಿ ಸೇರಿ, ಹೆಡ್ ಕಾನ್‌ಸ್ಟೇಬಲ್ ಆಗಿ, ಹತ್ತಾರು ವರ್ಷ ಸವೆಸಿ ಎಎಸ್‌ಐ ಆದವರು. ಹೆಗಲ ಮೇಲೆ ಕೆಂಪು-ನೀಲಿ ಪಟ್ಟಿ, ಒಂದು ಸ್ಟಾರ್. ಅವರಿಗೆ ಕೆಲಸ ಗೊತ್ತು, ಊರು ಗೊತ್ತು. ಕಷ್ಟ ಇರುವುದು ಬೇರೆ ಕಡೆ. ನಿನ್ನೆವರೆಗೆ ಒಂದೇ ಬುತ್ತಿ ಬಿಚ್ಚಿ ಉಂಡವರಿಗೆ ಇವತ್ತು ‘ನೀವು ಮಾಡಿದ್ದು ತಪ್ಪು’ ಎನ್ನಬೇಕು. ಬಹಳ ಜನ ಆ ಮಾತನ್ನು ಆಡುವುದೇ ಇಲ್ಲ. ಸ್ಟಾರ್ ಹಾಕಿಕೊಂಡು ಹಳೇ ಹೆಡ್ ಕಾನ್‌ಸ್ಟೇಬಲ್ ಆಗಿಯೇ ಉಳಿದುಬಿಡುತ್ತಾರೆ.

ಇನ್ನೊಬ್ಬರು ನೇರ ನೇಮಕಾತಿಯ ಪಿಎಸ್‌ಐ. ಡಿಗ್ರಿ ಮುಗಿಸಿ, ಪರೀಕ್ಷೆ ಪಾಸಾಗಿ, ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಎರಡು ಸ್ಟಾರ್ ಹಾಕಿಕೊಂಡು ಬಂದವರು. ಅವರ ಕೈಕೆಳಗಿನ ಎಎಸ್‌ಐಗೆ ಅವರ ಅಪ್ಪನ ವಯಸ್ಸು. ಇವರ ಕಷ್ಟ ತಿರುಗಾ ಮುರುಗಾ. ತಪ್ಪು ಎನ್ನಲು ಬಾಯಿ ಬರುತ್ತದೆ, ಆದರೆ ಯಾವುದು ತಪ್ಪು ಎಂದು ಇನ್ನೂ ಗೊತ್ತಿರುವುದಿಲ್ಲ. ಅದನ್ನು ಮುಚ್ಚಿಕೊಳ್ಳಲು ಕೂಗುತ್ತಾರೆ. ನಾನು ಕೂಗಿದ್ದೂ ಅದಕ್ಕೇ.

ಹಾಗಾಗಿ ಮೊದಲ ಎರಡು ದಿನ ಇಬ್ಬರಿಗೂ ಬೇರೆ ಬೇರೆ ಕ್ಲಾಸು ಮಾಡಿ. ಮೂರನೇ ದಿನದಿಂದ ಒಟ್ಟಿಗೆ ಕೂರಿಸಿ. ಮೊದಲ ದಿನವೇ ಕಲಸಿದರೆ ಎಎಸ್‌ಐಗಳು ಬಾಯಿ ಬಿಡುವುದಿಲ್ಲ, ಪಿಎಸ್‌ಐಗಳು ಬಾಯಿ ಮುಚ್ಚುವುದಿಲ್ಲ. ಬ್ಯಾಚಿಗೆ 20 ಜನ ದಾಟಬಾರದು.

ಎರಡನೇ ಹೆಜ್ಜೆ: ಪಾಠಕ್ಕೆ ಮೊದಲು ಠಾಣೆ ನೋಡಿ

ತರಬೇತಿ ಶುರುವಾಗುವ ಮೂರು ವಾರ ಮೊದಲು ಜಿಲ್ಲೆಯ ಮೂರು ಠಾಣೆಗಳಿಗೆ ಹೋಗಿ. ಒಂದು ಪಟ್ಟಣದ್ದು, ಒಂದು ಹೋಬಳಿ ಕಡೆಯದ್ದು, ಇನ್ನೊಂದು ಹೆದ್ದಾರಿ ಪಕ್ಕದ್ದು ಇರಲಿ. ಇನ್‌ಸ್ಪೆಕ್ಷನ್ ಅಂತ ಹೋಗಬೇಡಿ. ಹೋದರೆ ಬಾಗಿಲಿಗೆ ತೋರಣ, ರಿಜಿಸ್ಟರ್‌ಗೆ ಹೊಸ ಬೈಂಡು, ಬೇರೇನೂ ಕಾಣುವುದಿಲ್ಲ.

ನೋಡಬೇಕಾದದ್ದು ನಾಲ್ಕೇ. ಹಿಂದಿನ ತಿಂಗಳ ಡ್ಯೂಟಿ ಚಾರ್ಟ್. ರಜೆ ಅರ್ಜಿಗಳು: ಎಷ್ಟು ಬಂದವು, ಎಷ್ಟಕ್ಕೆ ಸಹಿ ಬಿತ್ತು, ಎಷ್ಟು ಡ್ರಾಯರ್‌ನಲ್ಲೇ ಉಳಿದವು. ಠಾಣೆಯ ದಿನಚರಿ ಬರೆಯುವ ಸ್ಟೇಷನ್ ಹೌಸ್ ಡೈರಿಯ ಒಂದು ವಾರದ ಪುಟಗಳು. ಒಂದು ಬೆಳಗಿನ ಹಾಜರಿ. ಇವುಗಳ ಫೋಟೊ ತೆಗೆದುಕೊಂಡು, ಹೆಸರು ಅಳಿಸಿ, ಕ್ಲಾಸಿಗೆ ತನ್ನಿ. ನಿಮ್ಮ ಪಠ್ಯಪುಸ್ತಕ ಇದೇ.

ಜೊತೆಗೆ ಒಂದು ಕೆಲಸ ಮಾಡಿ. ಸೆಂಟ್ರಿಯಲ್ಲಿ (ಠಾಣೆಯ ಕಾವಲಿನಲ್ಲಿ) ನಿಂತಿರುವ ಕಾನ್‌ಸ್ಟೇಬಲ್ ಹತ್ತಿರ ಐದು ನಿಮಿಷ ಮಾತಾಡಿ, ‘ಮುಂದಿನ ವಾರದ ರಜೆ ಯಾವತ್ತು?’ ಎಂದು ಕೇಳಿ. ‘ಗೊತ್ತಿಲ್ಲ ಸಾರ್, ಸಾಹೇಬ್ರು ಹೇಳ್ಬೇಕು’ ಎಂದರೆ ಆ ಠಾಣೆಯ ಬಗ್ಗೆ ನಿಮಗೆ ಗೊತ್ತಾಗಬೇಕಾದದ್ದು ಅರ್ಧ ಗೊತ್ತಾಯಿತು.

ಮೂರನೇ ಹೆಜ್ಜೆ: ಹಾಜರಿಯಿಂದ ಶುರು

ಮೊದಲ ದಿನ ಬೆಳಿಗ್ಗೆ ಉದ್ಘಾಟನೆ, ಹೂಗುಚ್ಛ ಬೇಡ. ನೇರವಾಗಿ ಹಾಜರಿ ಮಾಡಿಸಿ. ಒಬ್ಬರು ಠಾಣಾಧಿಕಾರಿ, ಉಳಿದವರು ಸಿಬ್ಬಂದಿ. ಹತ್ತು ನಿಮಿಷ ಕೊಡಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ.

ಬಹುತೇಕ ಎಲ್ಲರೂ ಒಂದೇ ಥರ ಮಾಡುತ್ತಾರೆ. ಹೆಸರು ಕೂಗುತ್ತಾರೆ, ಡ್ಯೂಟಿ ಹೇಳುತ್ತಾರೆ, ಸಮನ್ಸ್-ವಾರಂಟ್ ಬಾಕಿ ಇದೆ ಎಂದು ರೇಗುತ್ತಾರೆ, ‘ಡಿಸ್ಪರ್ಸ್’ ಎನ್ನುತ್ತಾರೆ. ವಿಡಿಯೊ ತೋರಿಸಿ ಒಂದೇ ಪ್ರಶ್ನೆ ಕೇಳಿ: ‘ಈ ಹತ್ತು ನಿಮಿಷದಲ್ಲಿ ಸಿಬ್ಬಂದಿಯಿಂದ ನಿಮಗೆ ಎಷ್ಟು ಹೊಸ ವಿಷಯ ತಿಳಿಯಿತು?’ ಸಾಮಾನ್ಯವಾಗಿ ಸೊನ್ನೆ.

ಈಗ ಎರಡನೇ ಸುತ್ತು. ಈ ಸಲ ಹಾಜರಿಯನ್ನು ನಾಲ್ಕು ತುಂಡು ಮಾಡಿಸಿ. ಮೊದಲು ರಾತ್ರಿ ಬೀಟ್‌ನವರು ಏನು ಕಂಡರು ಎಂದು ಅವರ ಬಾಯಲ್ಲೇ ಹೇಳಲಿ. ಆಮೇಲೆ ಇವತ್ತಿನ ಡ್ಯೂಟಿ. ಹಾಳೆಯಿಂದ ಓದುವುದಲ್ಲ, ಯಾಕೆ ಅಲ್ಲಿ ಎಂಬ ಒಂದು ಸಾಲಿನ ಜೊತೆ. ‘ನೀವಿಬ್ಬರು ಬಸ್‌ಸ್ಟ್ಯಾಂಡ್’ ಅನ್ನುವುದಕ್ಕೂ ‘ಬಸ್‌ಸ್ಟ್ಯಾಂಡ್‌ನಲ್ಲಿ ಸಂತೆ ದಿನ ಮಾಂಗಲ್ಯ ಸರ ಕಿತ್ತ ಕೇಸು ಎರಡಾಗಿದೆ, ಹನ್ನೊಂದರಿಂದ ಎರಡರವರೆಗೆ ನೀವಿಬ್ಬರು ಅಲ್ಲೇ ಇರಿ’ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೂರನೆಯದು ಒಂದು ಸಣ್ಣ ಪಾಠ, ಎರಡೇ ನಿಮಿಷ: ಒಂದು ಕಲಂ, ಒಂದು ಹೊಸ ಸುತ್ತೋಲೆ. ಕೊನೆಗೆ ಅವರ ಸರದಿ, ‘ಯಾರಿಗಾದರೂ ಏನಾದರೂ ಹೇಳುವುದಿದೆಯಾ?’ ಕೇಳಿದ ಮೇಲೆ ಸುಮ್ನೆ ನಿಲ್ಲಬೇಕು. ಹತ್ತು ಸೆಕೆಂಡು ಮೌನ ತಡೆದುಕೊಳ್ಳುವುದು ಅಭ್ಯಾಸವಿಲ್ಲದವರಿಗೆ ಬಲು ಕಷ್ಟ. ಆ ಮೌನವನ್ನೇ ಅಭ್ಯಾಸ ಮಾಡಿಸಿ.

ತಡವಾಗಿ ಬಂದವರನ್ನು ಏನು ಮಾಡುವುದು? ಹಾಜರಿ ಮುಗಿಯಲಿ, ಪಕ್ಕಕ್ಕೆ ಕರೆದು ‘ಏನಾಯ್ತು?’ ಎಂದು ಕೇಳಿ. ಬೈಗುಳ ಬೇಕಿದ್ದರೆ ಆಮೇಲೂ ಸಿಗುತ್ತದೆ.

ನೀನು, ನೀವು

ಇಬ್ಬರನ್ನೂ ಒಟ್ಟಿಗೆ ಕೂರಿಸಿದ ಮೇಲೆ ಇದಕ್ಕೆ ಅರ್ಧ ದಿನ ಎತ್ತಿಡಿ. ಇಂಗ್ಲಿಷ್‌ನಲ್ಲಿ ಬರೆದ ತರಬೇತಿ ಪುಸ್ತಕಗಳಲ್ಲಿ ಈ ವಿಷಯ ಇರುವುದೇ ಇಲ್ಲ, ಯಾಕೆಂದರೆ ಅವರ ಭಾಷೆಯಲ್ಲಿ ಏಕವಚನದ ಗೊಡವೆ ಇಲ್ಲ. ನಮ್ಮ ಠಾಣೆಯಲ್ಲಿ ಅರ್ಧ ಜಗಳ ಶುರುವಾಗುವುದೇ ಅಲ್ಲಿಂದ.

ಅಭ್ಯಾಸ ಹೀಗೆ ಮಾಡಿಸಿ. ಎಎಸ್‌ಐಗಳ ಕೈಗೆ ಚೀಟಿ ಕೊಟ್ಟು, ಸರ್ವಿಸ್‌ನಲ್ಲಿ ಮೇಲಿನವರು ಅಂದ ಒಂದು ಮಾತು, ಇನ್ನೂ ಮರೆಯದೆ ಇರುವಂಥದ್ದು, ಹೆಸರಿಲ್ಲದೆ ಬರೆಯಲು ಹೇಳಿ. ಚೀಟಿ ಕಲಸಿ, ಪಿಎಸ್‌ಐಗಳಿಂದ ಓದಿಸಿ. ‘ಏಯ್, ಬಾರೋ ಇಲ್ಲಿ’ ಎನ್ನುವುದು ಪ್ರತಿ ಬ್ಯಾಚಿನಲ್ಲೂ ಇರುತ್ತದೆ. ಮಗಳ ಮದುವೆಗೆ ರಜೆ ಕೇಳಿದಾಗ ‘ಮದುವೆ ನಿಂದಾ, ಮಗಳದ್ದಾ?’ ಎಂದಿದ್ದ ಚೀಟಿ ಒಮ್ಮೆ ಬಂತು. ಓದಿದ ಹುಡುಗ ಪಿಎಸ್‌ಐ ಹಾಳೆ ಕೆಳಗಿಟ್ಟು ಕೂತುಬಿಟ್ಟ. ಅವತ್ತು ನಾನು ಬೇರೆ ಪಾಠ ಮಾಡಲಿಲ್ಲ.

ನನ್ನ ನಿಯಮ ಸರಳ. ಡ್ಯೂಟಿಯಲ್ಲಿ ಎಲ್ಲರಿಗೂ ಬಹುವಚನ. ಹೆಸರಿನ ಜೊತೆ ‘ಅವರೇ’ ಸೇರಿಸಲು ನಾಲಗೆ ಹೊರಳದಿದ್ದರೆ ‘ರೀ’ ಸಾಕು. ಮಹಿಳಾ ಸಿಬ್ಬಂದಿಯನ್ನು ‘ಏನಮ್ಮಾ’ ಎಂದು ಕರೆಯುವುದು ಪ್ರೀತಿಯೆಂದು ನಿಮಗೆ ಅನಿಸಬಹುದು. ಅವರನ್ನೇ ಒಮ್ಮೆ ಕೇಳಿ ನೋಡಿ. ಕೆಲವರು ‘ನಾವು ಚಿಕ್ಕವರಿಗೆ ನೀನು ಅನ್ನುವುದು ಸಲಿಗೆಯಿಂದ’ ಎಂದು ವಾದಿಸುತ್ತಾರೆ. ಸಲಿಗೆ ಎರಡೂ ಕಡೆಯಿಂದ ಇರಬೇಕಲ್ವಾ? ಕಾನ್‌ಸ್ಟೇಬಲ್ ತಿರುಗಿ ‘ನೀನು’ ಅನ್ನುವ ಹಾಗಿಲ್ಲವಾದರೆ ಅದು ಸಲಿಗೆಯಲ್ಲ.

ಇದರಿಂದ ಹೊರಗಿನವರಿಗೂ ಲಾಭವಿದೆ. ಒಳಗೆ ಬೈಸಿಕೊಂಡು ಬಂದವನು ಕೌಂಟರ್‌ಗೆ ಬಂದ ದೂರುದಾರನಿಗೆ ಅದನ್ನೇ ದಾಟಿಸುತ್ತಾನೆ.

ನಾಲ್ಕನೇ ಹೆಜ್ಜೆ: 36ರಲ್ಲಿ 5

ಎರಡನೇ ದಿನ ಪೂರ್ತಿ ಡ್ಯೂಟಿ ಚಾರ್ಟ್. ನಾನು ಬಳಸುತ್ತಿದ್ದ ಲೆಕ್ಕ ಇದು. ಠಾಣೆ ಕಾಲ್ಪನಿಕ, ಕಷ್ಟ ನಿಜ.

ಹಾಜರಿ ಪುಸ್ತಕದಲ್ಲಿ ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್ ಸೇರಿ 36 ಹೆಸರು. 4 ಜನ ಓ.ಡಿ., ಅಂದರೆ ಬೇರೆ ಕಡೆ ಕೆಲಸಕ್ಕೆ ಹೋದವರು. 2 ಜನ ದೀರ್ಘ ರಜೆ, ಒಬ್ಬರು ತರಬೇತಿ. ಉಳಿದದ್ದು 29. ರೈಟರ್, ಕಂಪ್ಯೂಟರ್, ಫೈಲು ಕೆಲಸಕ್ಕೆ 3. ಕೋರ್ಟ್‌ಗೆ 2, ಸಮನ್ಸ್-ವಾರಂಟ್‌ಗೆ 2, ಡ್ರೈವರ್ 2. ಮೂರು ಪಾಳಿಗೆ ಸೆಂಟ್ರಿ 3. ಈಗ 17. ಆ 29 ಜನಕ್ಕೂ ವಾರಕ್ಕೊಂದು ರಜೆ ಎಂದರೆ ದಿನಕ್ಕೆ 4 ಜನ ಮನೆಯಲ್ಲಿ. ಸಿ.ಎಲ್., ಹುಷಾರಿಲ್ಲ ಎಂದು 2. ಆಸ್ಪತ್ರೆ ಕಾವಲು, ಆರೋಪಿ ಬೆಂಗಾವಲಿಗೆ 2. ರಾತ್ರಿ ಬೀಟ್ ಮಾಡಿ ಹಗಲು ಮಲಗುವವರು 4. ಕಳೆಯಿರಿ. ಹಗಲು ಬೀಟ್‌ಗೆ, ಅರ್ಜಿ ವಿಚಾರಣೆಗೆ, ಶಾಲೆ ಬಿಡುವ ಹೊತ್ತಿನ ಟ್ರಾಫಿಕ್‌ಗೆ ಸಿಗುವುದು 5 ಜನ.

ಇಷ್ಟು ಬರೆಸಿ, ಆಮೇಲೆ ಒಂದು ಚೀಟಿ ಕೊಡಿ: ‘ನಾಳೆ ಮಂತ್ರಿಗಳ ಕಾರ್ಯಕ್ರಮ, 8 ಜನ ಕಳಿಸಿ.’ ಯಾರನ್ನು ಎಲ್ಲಿಂದ ಎತ್ತುತ್ತಾರೆ ನೋಡುತ್ತಿರಿ. ಎಲ್ಲರ ಪೆನ್ನೂ ಮೊದಲು ಹೋಗುವುದು ವಾರದ ರಜೆಯ ಸಾಲಿಗೆ. ಯಾಕೆ ಎಂದು ಕೇಳಿ. ಬೇರೆ ಎಲ್ಲಿಂದ ತೆಗೆದರೂ ಯಾರೋ ಒಬ್ಬರು ಮೇಲಿನವರು ಫೋನ್ ಮಾಡುತ್ತಾರೆ. ಕೋರ್ಟ್ ಪಿಸಿ ಹೋಗದಿದ್ದರೆ ಕೋರ್ಟ್ ಕೇಳುತ್ತದೆ, ಫೈಲ್ ಹೋಗದಿದ್ದರೆ ಎಸ್‌ಪಿ ಕಚೇರಿ ಕೇಳುತ್ತದೆ. ರಜೆ ಕಳೆದುಕೊಂಡ ಕಾನ್‌ಸ್ಟೇಬಲ್ ಪರವಾಗಿ ಫೋನ್ ಮಾಡುವವರು ಮಾತ್ರ ಯಾರೂ ಇಲ್ಲ. ಆ ಫೋನ್ ಮಾಡಬೇಕಾದವರು ನೀವೇ ಎಂದು ಮೇಲ್ವಿಚಾರಕರಿಗೆ ಮನದಟ್ಟಾಗುವುದು ಇಲ್ಲೇ.

ಹಾಗಾದರೆ ದಾರಿ? ಇದನ್ನು ಅವರಿಂದಲೇ ಹೊರಡಿಸಿ. ಚಾರ್ಟ್ ಒಂದು ವಾರ ಮೊದಲೇ ಗೋಡೆಗೆ ಅಂಟಿಸಬಹುದು. ಇಬ್ಬರು ಕೋರ್ಟ್‌ಗೆ ಹೋಗುವ ಬದಲು ವಾರದಲ್ಲಿ ಎರಡು ದಿನ ಒಬ್ಬರೇ ಸಾಕೇನೋ. ಒಂದೇ ಹೋಬಳಿಯ ಸಮನ್ಸ್‌ಗಳನ್ನು ಆ ಬೀಟ್‌ನವರಿಗೇ ಕೊಟ್ಟರೆ ಓಡಾಟ ಉಳಿಯುತ್ತದೆ. ರಜೆ ಕಿತ್ತುಕೊಂಡರೆ ಹೆಸರ ಮುಂದೆ ಕೆಂಪು ಚುಕ್ಕೆ ಇಟ್ಟು, ಹದಿನೈದು ದಿನದೊಳಗೆ ತೀರಿಸಬೇಕು ಎಂದು ಠಾಣೆಯೇ ನಿಯಮ ಮಾಡಿಕೊಳ್ಳಬಹುದು. ರಾತ್ರಿ ಬೀಟ್ ಯಾವಾಗಲೂ ಅದೇ ನಾಲ್ಕು ಮಂದಿಯ ಕೊರಳಿಗೆ ಬೀಳುತ್ತಿದೆಯಾ ಎಂದು ಮೂರು ತಿಂಗಳ ಚಾರ್ಟ್ ಜೋಡಿಸಿ ನೋಡಲಿ. ಬಿದ್ದಿರುತ್ತದೆ. ಯಾರ ಪರ ಮಾತಾಡುವವರಿಲ್ಲವೋ ಅವರ ಕೊರಳಿಗೆ.

ಈ ವಿಷಯ ಸಣ್ಣದಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವ ಕರೆ ರಾಜ್ಯದ ಪೊಲೀಸರ ನಡುವೆ ಹಬ್ಬಿ ಸರ್ಕಾರವೇ ಬೆಚ್ಚಿತ್ತು. ಬೇಡಿಕೆಯಲ್ಲಿ ಸಂಬಳದ ಜೊತೆ ರಜೆಯೂ ಇತ್ತು, ಮೇಲಿನವರು ನಡೆಸಿಕೊಳ್ಳುವ ರೀತಿಯೂ ಇತ್ತು. ಸಂಬಳಕ್ಕೆ ರಾಘವೇಂದ್ರ ಔರಾದ್ಕರ್ ಸಮಿತಿ ವರದಿ ಕೊಟ್ಟಿತು. ಉಳಿದದ್ದಕ್ಕೆ ಸಮಿತಿ ಬೇಕಿಲ್ಲ, ಠಾಣೆಯಲ್ಲಿ ಪೆನ್ನು ಹಿಡಿದವರ ಕೈಯಲ್ಲೇ ಇದೆ.

ಐದನೇ ಹೆಜ್ಜೆ: ತಿದ್ದುವುದು, ಬರೆದಿಡುವುದು

ಎಎಸ್‌ಐಗಳಿಗೆ ಇದು ಬಹಳ ಮುಖ್ಯ. ನಾಟಕದಂತೆ ಮಾಡಿಸಿ. ಒಬ್ಬರು ಎಎಸ್‌ಐ, ಇನ್ನೊಬ್ಬರು ಅವರ ಹಳೇ ಬ್ಯಾಚಿನವರು. ರಾತ್ರಿ ಬೀಟ್‌ಗೆ ಹೋಗದೆ ಹೋಗಿದ್ದೇನೆ ಎಂದು ನಮೂದಿಸಿದ್ದಾರೆ. ಈಗ ಮಾತಾಡಿ.

ಮೊದಲ ಸಲ ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಾರೆ. ‘ಏನಣ್ಣಾ, ಸ್ವಲ್ಪ ನೋಡ್ಕೋಬಾರ್ದಾ, ಮೇಲಿನವರಿಗೆ ಗೊತ್ತಾದ್ರೆ ನನಗೂ ಕಷ್ಟ…’ ಎದುರಿನವರು ‘ಆಯ್ತು ಬಿಡಿ ಸಾರ್’ ಎಂದು ನಗುತ್ತಾರೆ. ಮುಗಿಯಿತು. ನಾಳೆಯೂ ಬೀಟ್ ಇಲ್ಲ.

ನಾನು ಹೇಳಿಕೊಡುತ್ತಿದ್ದದ್ದು ಮೂರು ವಾಕ್ಯ. ಕಂಡದ್ದು ಏನು: ‘ಒಂದೂವರೆಗೆ ಬ್ಯಾಂಕ್ ಹತ್ತಿರ ಇದ್ದೆ ಎಂದು ಬರೆದಿದ್ದೀರಿ, ಆ ಹೊತ್ತಿಗೆ ನಾನು ಅಲ್ಲಿದ್ದೆ, ನೀವಿರಲಿಲ್ಲ.’ ಅದರಿಂದ ಏನಾಗುತ್ತದೆ: ‘ಆ ಹೊತ್ತಲ್ಲಿ ಎಟಿಎಂ ಒಡೆದಿದ್ದರೆ ಆ ಬರಹ ನಿಮ್ಮ ಕೊರಳಿಗೇ ಬರುತ್ತಿತ್ತು.’ ಮುಂದೆ ಏನು: ‘ಇವತ್ತು ರಾತ್ರಿ ಎರಡಕ್ಕೆ ಅಲ್ಲೇ ಸಿಗೋಣ.’ ಹಳೇ ಕಥೆ, ಜಾತಿ, ಮನೆ, ಕುಡಿತ ಯಾವುದನ್ನೂ ನಡುವೆ ತರಬಾರದು. ‘ನೀವು ಯಾವಾಗಲೂ ಹೀಗೇ’ ಎನ್ನುವ ಮಾತಂತೂ ಬಾಯಿಗೆ ಬರಲೇಬಾರದು.

ಎರಡನೇ ಸಲವೂ ಅದೇ ಆದರೆ ಬರೆದಿಡಿ. ಮೂರನೇ ಸಲ ಮೆಮೊ. ಮೆಮೊ ಕೊಡುವುದು ಕೆಟ್ಟತನವಲ್ಲ. ಬರೆಯದೇ ಇಟ್ಟು, ಸಿಟ್ಟು ಕೂಡಿಟ್ಟು, ಒಂದು ದಿನ ವರ್ಗಾವಣೆಗೆ ಬರೆದುಬಿಡುವುದು ಕೆಟ್ಟತನ. ಒಳ್ಳೆಯದನ್ನೂ ಬರೆದಿಡಿ, ಅದನ್ನು ಮರೆಯುತ್ತಾರೆ. ಕಳೆದುಹೋದ ಮಗುವನ್ನು ಹುಡುಕಿದ ಕಾನ್‌ಸ್ಟೇಬಲ್ ಹೆಸರು ಬಹುಮಾನದ ಪಟ್ಟಿಗೆ ಹೋಗಬೇಕಾದರೆ ಯಾರೋ ಬರೆಯಬೇಕಲ್ಲ.

ಆರನೇ ಹೆಜ್ಜೆ: ತನಿಖೆ ಮಾಡುವವರ ಮೇಲೆ ಕಣ್ಣು

ಇಲ್ಲಿ ಕಾನೂನು ಪಾಠ ಮತ್ತೆ ಮಾಡಬೇಡಿ. ಮೇಲ್ವಿಚಾರಕ ಏನು ಕೇಳಬೇಕು ಎನ್ನುವುದನ್ನಷ್ಟೇ ಕಲಿಸಿ. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ದಿನ ಎಣಿಸುವ ಕೆಲಸ ಜಾಸ್ತಿಯಾಗಿದೆ. ಇ-ದೂರು ಬಂದರೆ ದೂರುದಾರರು 3 ದಿನದಲ್ಲಿ ಬಂದು ಸಹಿ ಮಾಡಬೇಕು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು, ಇದು ಹಳೆಯದೇ. ಆರೋಪಿ ಕಸ್ಟಡಿಯಲ್ಲಿದ್ದರೆ ಅಪರಾಧ ನೋಡಿಕೊಂಡು 60 ಅಥವಾ 90 ದಿನದಲ್ಲಿ ದೋಷಾರೋಪ ಪಟ್ಟಿ ಹೋಗದಿದ್ದರೆ ಅವರಿಗೆ ಜಾಮೀನು ಕೇಳುವ ಹಕ್ಕು ಬಂದುಬಿಡುತ್ತದೆ. ತನಿಖೆ ಎಲ್ಲಿಗೆ ಬಂತು ಎಂದು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ 90 ದಿನದೊಳಗೆ ತಿಳಿಸಬೇಕು. ಶೋಧ, ಜಪ್ತಿಯನ್ನು ಕಲಂ 105ರಂತೆ ವಿಡಿಯೊ ಮಾಡಬೇಕು. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನದವರನ್ನು ಸ್ಥಳಕ್ಕೆ ಕರೆಸುವ ವಿಚಾರವೂ ಇದೆ.

ಎಎಸ್‌ಐಗಳು ತಮಗೆ ಸಂಬಂಧವಿಲ್ಲ ಎಂದು ತೂಕಡಿಸಿದರೆ ಕಲಂ 37 ಓದಿಸಿ. ಬಂಧಿತರ ಹೆಸರು, ವಿಳಾಸ, ಯಾವ ಅಪರಾಧ ಎನ್ನುವ ಮಾಹಿತಿ ಇಡುವ ಹೊಣೆ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗಿಂತ ಕೆಳಗಿಲ್ಲದ ಒಬ್ಬ ಅಧಿಕಾರಿಯದ್ದು. ನಿದ್ದೆ ಹೋಗುತ್ತದೆ.

ಅಭ್ಯಾಸಕ್ಕೆ ಹೆಸರು ಅಳಿಸಿದ ಒಂದು ಹಳೇ ಕೇಸ್ ಡೈರಿ ಕೊಡಿ. ‘ತಪ್ಪು ಹುಡುಕಿ’ ಎನ್ನಬೇಡಿ, ಅದು ಎಲ್ಲರಿಗೂ ಬರುತ್ತದೆ. ‘ತನಿಖಾಧಿಕಾರಿಗೆ ಕೇಳಬೇಕಾದ ಐದು ಪ್ರಶ್ನೆ ಬರೆಯಿರಿ’ ಎನ್ನಿ. ಮಹಜರಿನ ಪಂಚರು (ಸಾಕ್ಷಿಗಳು) ಅದೇ ಬೀದಿಯವರಾ? ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ಕೇಳಿದ್ದೀರಾ? ಬಂಧನ ಬೇಕಿತ್ತಾ, ಬಂಧಿಸದೆ ಹಾಜರಾಗಲು ಹೇಳುವ ಕಲಂ 35ರ ನೋಟಿಸ್ ಸಾಲದಿತ್ತಾ? ಈ ಕೊನೆಯ ಪ್ರಶ್ನೆ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಕೇಳಿದ್ದು. ಠಾಣೆಯ ಕ್ಯಾಮೆರಾ ಬಗ್ಗೆ 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿದೆ. ಕ್ಯಾಮೆರಾ ಕೆಟ್ಟರೆ ಅದನ್ನು ವರದಿ ಮಾಡಿ ರಿಪೇರಿ ಮಾಡಿಸುವ ಜವಾಬ್ದಾರಿ ಠಾಣಾಧಿಕಾರಿಯ ಮೇಲಿದೆ. ‘ಕೆಟ್ಟಿತ್ತು ಸಾರ್’ ಎಂದರೆ ಯಾರೂ ನಂಬುವುದಿಲ್ಲ, ನಂಬಬಾರದು ಕೂಡ.

ಏಳನೇ ಹೆಜ್ಜೆ: ಬಂದೋಬಸ್ತ್

ನಾಲ್ಕನೇ ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರು ಬರೆಸಿ. ಗಣೇಶನ ಮೆರವಣಿಗೆ ದಾರಿ, ಮಸೀದಿ ತಿರುವು, ಟ್ರಾನ್ಸ್‌ಫಾರ್ಮರ್, ಕೆರೆ ಏರಿ. 40 ಜನರನ್ನು ನಿಲ್ಲಿಸಲು ಹೇಳಿ. ಆಮೇಲೆ ಬ್ರೀಫಿಂಗ್ ಮಾಡಿಸಿ. ಬ್ರೀಫಿಂಗ್ ಕೇಳಿದ ಕೊನೆಯ ಸಾಲಿನ ಕಾನ್‌ಸ್ಟೇಬಲ್ ಐದು ಪ್ರಶ್ನೆಗೆ ಉತ್ತರ ಹೇಳಬೇಕು. ನಾನು ಎಲ್ಲಿ ನಿಲ್ಲಬೇಕು? ನನ್ನ ಮೇಲೆ ಯಾರು? ನನ್ನನ್ನು ಬಿಡಿಸಲು ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ? ಗಲಾಟೆ ಕಂಡರೆ ಮೊದಲು ಏನು ಮಾಡಬೇಕು? ಏನು ಮಾಡಲೇಬಾರದು? ಒಂದಕ್ಕೂ ತಡವರಿಸಿದರೆ ಬ್ರೀಫಿಂಗ್ ಮತ್ತೆ ಮೊದಲಿಂದ.

ಊಟ, ನೀರು, ಮಹಿಳಾ ಸಿಬ್ಬಂದಿಗೆ ಶೌಚಾಲಯ ಎಲ್ಲಿ ಎನ್ನುವುದನ್ನು ನಕ್ಷೆಯಲ್ಲೇ ಗುರುತಿಸಬೇಕು. ಹನ್ನೆರಡು ಗಂಟೆ ನಿಲ್ಲುವ ಡ್ಯೂಟಿಗೆ ನೀರು ಕುಡಿಯದೆ ಬರುವ ಹೆಣ್ಣುಮಕ್ಕಳಿದ್ದಾರೆ. ಕಾರಣ ಎಲ್ಲರಿಗೂ ಗೊತ್ತು. ನಕ್ಷೆಯಲ್ಲಿ ಬರೆಯುವವರು ಯಾರೂ ಇರಲಿಲ್ಲ, ಅಷ್ಟೇ.

ಗುಂಪು ಕೈಮೀರುವ ಅಭ್ಯಾಸಕ್ಕೆ 2025ರ ಜೂನ್ 4ರ ಘಟನೆ ತೆಗೆದುಕೊಳ್ಳಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಆರ್‌ಸಿಬಿ ಗೆಲುವಿನ ಸಂಭ್ರಮದ ದಿನ, ಕಾಲ್ತುಳಿತದಲ್ಲಿ 11 ಜನ ಸತ್ತರು. ಯಾರ ತಪ್ಪು ಎಂದು ಕ್ಲಾಸಿನಲ್ಲಿ ತೀರ್ಪು ಕೊಡಲು ಹೋಗಬೇಡಿ, ಇಡೀ ಮಧ್ಯಾಹ್ನ ರಾಜಕೀಯದಲ್ಲಿ ಕಳೆಯುತ್ತದೆ. ಇಷ್ಟೇ ಕೇಳಿ: ಇಂಥ ಒಂದು ಗೇಟಿನಲ್ಲಿ ನೀವು ಎಎಸ್‌ಐ. ಜನ ಒತ್ತುತ್ತಿದ್ದಾರೆ. ಇನ್ನು ಸಾಕು ಎಂದು ಯಾರಿಗೆ ಹೇಳುತ್ತೀರಿ? ವೈರ್‌ಲೆಸ್‌ನಲ್ಲಿ ಯಾವ ಪದ ಬಳಸುತ್ತೀರಿ? ಉತ್ತರ ಬರದಿದ್ದರೆ ನೀವೇ ಏನು ಮಾಡುತ್ತೀರಿ? ಮೂರನೇ ಪ್ರಶ್ನೆಗೆ ಕೋಣೆ ನಿಶ್ಶಬ್ದವಾಗುತ್ತದೆ. ಆ ಹೊತ್ತಿಗೆ ತಾನೇ ನಿರ್ಧರಿಸುವ ಅಧಿಕಾರ ಇದೆಯೋ ಇಲ್ಲವೋ ಎಂದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಅದನ್ನು ಬಂದೋಬಸ್ತ್ ಆದೇಶದಲ್ಲೇ ಬರೆಯಿಸಬೇಕು ಎಂದು ಕಲಿಸಿ.

ಬಂದೋಬಸ್ತ್ ಮುಗಿದ ಮರುದಿನ ಹದಿನೈದು ನಿಮಿಷ ಕೂತು ಮಾತಾಡುವ ಅಭ್ಯಾಸವನ್ನೂ ಹಾಕಿಸಿ. ಏನಾಗಬೇಕಿತ್ತು, ಏನಾಯಿತು, ಯಾಕೆ, ಮುಂದಿನ ಸಲ ಏನು ಮಾಡೋಣ. ಮೊದಲು ಅತಿ ಕಿರಿಯರು ಮಾತಾಡಲಿ. ಸಾಹೇಬರು ಮೊದಲು ಬಾಯಿ ತೆರೆದರೆ ಉಳಿದವರದ್ದು ಬರೀ ಹೂಂಗುಟ್ಟುವಿಕೆ.

ಜೊತೆಗೆ ಇರುವುದು ಎರಡಲಗಿನ ಕತ್ತಿ

ಐದನೇ ದಿನ ಚರ್ಚೆಗೆ ಒಂದು ಹೊರಗಿನ ಉದಾಹರಣೆ ಇಡುತ್ತಿದ್ದೆ. ಅಮೆರಿಕದ ಇಂಡಿಯಾನಾಪೊಲಿಸ್ ಮತ್ತು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನ ಗಸ್ತು ಪೊಲೀಸರ ಮೇಲ್ವಿಚಾರಕರನ್ನು ರಾಬಿನ್ ಎಂಗಲ್ ಎಂಬ ಸಂಶೋಧಕಿ ಅಧ್ಯಯನ ಮಾಡಿದ್ದರು, ಫಲಿತಾಂಶ 2003ರಲ್ಲಿ ಹೊರಬಂತು. ಅವರು ಕಂಡದ್ದು ನಾಲ್ಕು ಬಗೆ. ನಿಯಮ-ಕಾಗದ ಹಿಡಿದು ಕೂರುವವರು, ಹೊಸ ಪ್ರಯೋಗಕ್ಕೆ ಒತ್ತು ಕೊಡುವವರು, ಸಿಬ್ಬಂದಿಯನ್ನು ಮೇಲಿನವರಿಂದ ಕಾಪಾಡುವವರು, ತಾವೇ ಬೀದಿಗಿಳಿದು ಮಾಡಿ ತೋರಿಸುವವರು. ಕೈಕೆಳಗಿನವರ ಮೇಲೆ ಹೆಚ್ಚು ಪರಿಣಾಮ ಕಂಡದ್ದು ಕೊನೆಯ ಬಗೆಯದ್ದು. ಅಂಥವರ ಸಿಬ್ಬಂದಿ ಜನರ ಸಮಸ್ಯೆ ಬಗೆಹರಿಸಲು ಹೆಚ್ಚು ಹೊತ್ತು ಕೊಟ್ಟರು. ಬಲಪ್ರಯೋಗವನ್ನೂ ಹೆಚ್ಚು ಮಾಡಿದರು.

ಈ ಎರಡನೇ ಮಾತನ್ನು ಮುಚ್ಚಿಡಬೇಡಿ. ನಮ್ಮಲ್ಲೂ ಹಾಗೇ. ಮುಂದೆ ನಿಂತ ಪಿಎಸ್‌ಐ ಲಾಠಿ ಎತ್ತಿದರೆ ಹಿಂದಿನ ಹತ್ತು ಲಾಠಿ ಏಳುತ್ತವೆ. ಅವರು ಕೈ ಕಟ್ಟಿ ನಿಂತು ಮಾತಾಡಿದರೆ ಆ ಹತ್ತೂ ಕೆಳಗಿರುತ್ತವೆ.

ಅದೇ ದಿನ ಸಂಜೆ ಸಿಬ್ಬಂದಿಯ ಮನಸ್ಸಿನ ಆರೋಗ್ಯದ ಬಗ್ಗೆ ಒಂದು ಗಂಟೆ. ತಜ್ಞರೇ ಬಂದರೆ ಒಳ್ಳೆಯದು. ಮಾತು ಕಡಿಮೆ ಮಾಡಿದವರು, ಇದ್ದಕ್ಕಿದ್ದಂತೆ ಕುಡಿತ ಹೆಚ್ಚಾದವರು, ಸಾಲದವರ ಫೋನ್ ಬರುತ್ತಿರುವವರು ಯಾರು ಎಂದು ಎಎಸ್‌ಐಗೆ ಗೊತ್ತಿರಬೇಕು. ಅಂಥವರಿಗೆ ಆಯುಧದ ಡ್ಯೂಟಿ ಹಾಕುವ ಮೊದಲು ಕೂತು ಮಾತಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಠಾಣೆಯ ಗೋಡೆ ಮೇಲಿರಲಿ, ಕನ್ನಡದಲ್ಲೇ ಮಾತಾಡಬಹುದು.

ಎಂಟನೇ ಹೆಜ್ಜೆ: ಆರು ವಾರ

ಇಲ್ಲಿಯೇ ಹೆಚ್ಚಿನ ತರಬೇತಿಗಳು ಸಾಯುತ್ತವೆ. ಐದನೇ ದಿನ ಸರ್ಟಿಫಿಕೇಟ್ ಕೊಡಬೇಡಿ. ಪ್ರತಿಯೊಬ್ಬರೂ ಒಂದೇ ಒಂದು ಬದಲಾವಣೆ ಬರೆದುಕೊಟ್ಟು ಹೋಗಲಿ. ‘ಸಿಬ್ಬಂದಿಯ ಮನೋಬಲ ಹೆಚ್ಚಿಸುತ್ತೇನೆ’ ಎಂದು ಬರೆದರೆ ಹಾಳೆ ವಾಪಸ್ ಕೊಡಿ. ‘ಪ್ರತಿ ಶನಿವಾರ ಸಂಜೆ ಐದಕ್ಕೆ ಮುಂದಿನ ವಾರದ ಚಾರ್ಟ್ ಗೋಡೆಗೆ ಹಾಕುತ್ತೇನೆ’ ಎಂದರೆ ತೆಗೆದುಕೊಳ್ಳಿ.

ಆ ಹಾಳೆಯ ಒಂದು ಪ್ರತಿ ಅವರ ಇನ್‌ಸ್ಪೆಕ್ಟರ್‌ಗೆ, ಒಂದು ಡಿವೈಎಸ್‌ಪಿಗೆ ಹೋಗಬೇಕು. ತರಬೇತಿಗೆ ಮೊದಲೇ ಎಸ್‌ಪಿ ಜೊತೆ ಎರಡು ವಿಷಯ ಮಾತಾಡಿಕೊಳ್ಳಿ. ಐದು ದಿನದ ನಡುವೆ ಯಾರನ್ನೂ ಬಂದೋಬಸ್ತ್‌ಗೆ ಎಳೆದುಕೊಳ್ಳಬಾರದು. ಹಾಗೆ ಮಾತಾಡಿಕೊಂಡರೂ ಎಳೆದುಕೊಳ್ಳುತ್ತಾರೆ, ಆದ್ದರಿಂದ ಗಣೇಶ ಚೌತಿ, ದಸರಾ, ಚುನಾವಣೆ, ವಿಧಾನಮಂಡಲ ಅಧಿವೇಶನದ ದಿನಗಳನ್ನು ತಪ್ಪಿಸಿ ದಿನಾಂಕ ಇಡಿ. ಇನ್ನೊಂದು, ಚಾರ್ಟ್ ಗೋಡೆಗೆ ಹಾಕಿದ ಮೇಲೆ ಎಸ್‌ಪಿ ಕಚೇರಿಯಿಂದಲೇ ರಾತ್ರಿ ಹನ್ನೊಂದಕ್ಕೆ ‘ನಾಲ್ಕು ಜನ ಕಳಿಸಿ’ ಎಂಬ ಸಂದೇಶ ದಿನಾ ಬಂದರೆ ಠಾಣೆಯವರು ಏನು ಮಾಡಲಾದೀತು? ಇದನ್ನು ಎಸ್‌ಪಿಗೆ ಹೇಳಲು ಸ್ವಲ್ಪ ಧೈರ್ಯ ಬೇಕು. ಹೇಳಿ.

ಫಲ ಅಳೆಯಲು ಫೀಡ್‌ಬ್ಯಾಕ್ ಫಾರಂ ನಂಬಬೇಡಿ. ಅದರಲ್ಲಿ ಎಲ್ಲರೂ ‘ಅತ್ಯುತ್ತಮ’ ಎಂದೇ ಗೀಚುತ್ತಾರೆ, ಊಟಕ್ಕೂ ಸೇರಿಸಿ. ಮೂರನೇ ವಾರ ಫೋನ್ ಮಾಡಿ. ಆರನೇ ವಾರ ಹೇಳದೆ ಹೋಗಿ, ಬೆಳಗಿನ ಹಾಜರಿಗೆ ಹತ್ತು ನಿಮಿಷ ಮೊದಲು. ಮೊದಲು ನೋಡಿದ ಅದೇ ನಾಲ್ಕನ್ನು ಮತ್ತೆ ನೋಡಿ: ಚಾರ್ಟ್, ರಜೆ ಅರ್ಜಿ, ಡೈರಿ, ಹಾಜರಿ. ಹಳೇ ಫೋಟೊಗಳ ಪಕ್ಕದಲ್ಲಿಟ್ಟು ಹೋಲಿಸಿ. ಗೋಡೆಯ ಮೇಲಿನ ಚಾರ್ಟಿನಲ್ಲಿ ಕೆಂಪು ಚುಕ್ಕೆಗಳಿದ್ದರೆ ಗಾಬರಿ ಬೇಡ, ಒಂದೂ ಇಲ್ಲದಿದ್ದರೆ ಅನುಮಾನಪಡಿ.

ವಾಪಸ್ ಹೊರಡುವಾಗ ಸೆಂಟ್ರಿಯಲ್ಲಿರುವವರನ್ನು ಅದೇ ಪ್ರಶ್ನೆ ಕೇಳಿ. ಹೀಗೆ ಹೋದ ಒಂದು ಠಾಣೆಯಲ್ಲಿ ಒಬ್ಬ ಕಾನ್‌ಸ್ಟೇಬಲ್ ‘ಗುರುವಾರ ಸಾರ್, ಮಗಳ ಶಾಲೆಯಲ್ಲಿ ಮೀಟಿಂಗ್ ಇದೆ’ ಎಂದರು. ಆ ಠಾಣೆಯ ಎಎಸ್‌ಐಗೆ ಸರ್ಟಿಫಿಕೇಟ್ ಅವತ್ತೇ ಸಹಿ ಮಾಡಿ ಕೊಟ್ಟು ಬಂದೆ.